ಆಮೆಯ ತೊಟ್ಟಿಯಲ್ಲಿ ನೀರಿನ ಶೋಧನೆ

ಕಡೂರು, ತರೀಕೆರೆ, ಅಜ್ಜಂಪುರಗಳ ಸೀಮೆಯಲ್ಲಿ ಕೆರೆಯಿಲ್ಲದ ಊರು ಅಪರೂಪ. ಸಖರಾಯಪಟ್ಟಣದ ಹತ್ತಿರ ಅಯ್ಯನಕೆರೆಯಿದೆ. ಎಮ್ಮೆದೊಡ್ಡಿಯ ಕಡೆ ಮದಗದ ಕೆರೆಯಿದೆ. ಅಯ್ಯನಕೆರೆಯ ಮೂಲಕ ಹರಿದು ಬರುವ ವೇದಾ ನದಿಯೂ ಮದಗದ ಕೆರೆಯ ಮೂಲಕ ಹರಿದು ಬರುವ ಅವತಿಯೂ ಕಡೂರಿನ ಬಳಿ ಒಂದಾಗಿ ವೇದಾವತಿಯೆನಿಸಿಕೊಂಡು ಹಿರಿಯೂರಿನತ್ತ ಸಾಗುತ್ತವೆ. ಇಂತಹ ಕೆರೆಗಳಲ್ಲಿ ಮೀನು, ಕಪ್ಪೆ, ಆಮೆಗಳು ಹುಟ್ಟಿ, ತಿಂದು, ವಿಸರ್ಜಿಸಿ, ಸಾಯುತ್ತವೆ. ಆ ನೀರನ್ನು ಯಾರೂ ಸೋಸುವುದಿಲ್ಲ. ಆದರೂ ಊರಿನ ಕೊಳಚೆ ಸೇರದ ಕೆರೆಯ ನೀರು ನಾರುವುದಿಲ್ಲ. ಮನೆಯ ಹಿತ್ತಿಲಲ್ಲಿ ನೂರು ಲೀಟರಿನ ತೊಟ್ಟಿಯೊಂದರಲ್ಲಿ ಒಂದೇ ಒಂದು ಆಮೆಯನ್ನು ಬಿಟ್ಟು ನೋಡಿದರೆ ನಾಲ್ಕು ದಿನದಲ್ಲಿ ಮೂಗು ಮುಚ್ಚಿಕೊಳ್ಳಬೇಕಾಗುತ್ತದೆ. ಕೆರೆಯಲ್ಲಿದ್ದು ತೊಟ್ಟಿಯಲ್ಲಿ ಇಲ್ಲದಿರುವುದು ಏನು?

ಈ ಪ್ರಶ್ನೆಯನ್ನು ನಾವು ತಾನಾಗಿ ಎತ್ತಿಕೊಂಡದ್ದಲ್ಲ. ಅಜ್ಜಂಪುರದ ವಿದ್ಯಾರ್ಥಿಯೊಬ್ಬನು ಬೇಸಗೆಯ ಒಂದು ಸಂಜೆ ನಮ್ಮ ಮನೆಗೆ ಬಂದನು. ಅವನ ಸೋದರಮಾವ ಬೆಂಗಳೂರಿನಿಂದ ತಂದುಕೊಟ್ಟಿದ್ದ ಆಮೆ ನಾಣ್ಯದಗಲ ಇದ್ದದ್ದು ಈಗ ಅಂಗೈಯನ್ನೂ ಮೀರಿ ಬೆಳೆದಿತ್ತು. ಪಾಠದ ಪುಸ್ತಕದಲ್ಲಿ ಕಂಡಿದ್ದ ಮಡಕೆಯ ಮೇಲೆ ಮಡಕೆಯ ಸೋಸುಕವನ್ನು ಹುಡುಗನು ಬಹು ಶ್ರದ್ಧೆಯಿಂದ ಕಟ್ಟಿದ್ದನು: ಒಂದರಲ್ಲಿ ಇದ್ದಿಲು, ಒಂದರಲ್ಲಿ ಮರಳು ಮತ್ತು ಜಲ್ಲಿ. ನೀರು ಗಾಜಿನಂತೆ ತಿಳಿಯಾಗಿತ್ತು. ಆದರೆ ವಾಸನೆ ಹೋಗಿರಲಿಲ್ಲ. ಆಮೆಯ ಕಣ್ಣು ಊದಿಕೊಂಡಿತ್ತು. ಅದು ಮೇವು ಬಿಟ್ಟಿತ್ತು. "ಇದನ್ನು ಕೆರೆಗೆ ಬಿಟ್ಟು ಬಾ ಎಂದು ಅಮ್ಮ ಹೇಳುತ್ತಿದ್ದಾರೆ. ಬಿಟ್ಟುಬಿಡಲೇ, ಮೇಷ್ಟ್ರೇ?" ಎಂದು ಕೇಳಿದನು.

ಬಿಡಕೂಡದು ಎಂದೆವು. ಅದಕ್ಕೆ ಕಾರಣವನ್ನು ಮೊದಲು ಹೇಳಿಬಿಡುವುದು ಒಳ್ಳೆಯದು. ಕಣ್ಣಿನ ಹಿಂದೆ ಕೆಂಪು ಪಟ್ಟೆಯುಳ್ಳ ಈ ಆಮೆ ಅಮೆರಿಕದ ಮಿಸಿಸಿಪ್ಪಿ ನದಿಯ ಸೀಮೆಯದು. ಮರಿಯಾಗಿದ್ದಾಗ ಮುದ್ದಾಗಿದೆಯೆಂದು ಲೋಕವೆಲ್ಲ ಕೊಂಡಿತು. ಬೆಳೆದ ಮೇಲೆ ಸಾಕಲಾರದೆ ಲೋಕವೆಲ್ಲ ಕೆರೆಗೆ ಬಿಟ್ಟಿತು. ಹೀಗೆ ಬಿಟ್ಟಲ್ಲೆಲ್ಲ ಅದು ಆ ನಾಡಿನ ಆಮೆಗಳ ಮೇವನ್ನೂ ಬಿಸಿಲು ಕಾಯುವ ಜಾಗವನ್ನೂ ಕಸಿದುಕೊಳ್ಳುತ್ತದೆ. ಜಗತ್ತಿನ ಅತಿ ಕೆಟ್ಟ ನೂರು ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಅದರ ಹೆಸರಿದೆ. ಯೂರೋಪಿನ ಒಕ್ಕೂಟ 1997ರಲ್ಲಿಯೇ ಅದರ ಆಮದನ್ನು ನಿಲ್ಲಿಸಿತು. ನಮ್ಮ ಕೆರೆಗಳಲ್ಲಿ ತಲೆತಲಾಂತರದಿಂದ ಇರುವುದು ಮೆದುಚಿಪ್ಪಿನ ಆಮೆ. ಹಿಂಗಾಲನ್ನು ಒಳಗೆಳೆದುಕೊಂಡಾಗ ಮುಚ್ಚಳದಂತೆ ಮುಚ್ಚಿಕೊಳ್ಳುವ ಪದರಗಳು ಅದಕ್ಕುಂಟು. ಕೆರೆ ಬತ್ತಿದಾಗ ಕೆಸರಿನಲ್ಲಿ ಹೂತುಕೊಂಡು ಮಳೆಗಾಗಿ ಕಾಯಬಲ್ಲುದು. ಅದನ್ನಾಗಲಿ, ಹೊಲದ ಬದುವಿನಲ್ಲಿ ಸಿಗುವ ನಕ್ಷತ್ರದ ಆಮೆಯನ್ನಾಗಲಿ ಮನೆಗೆ ತಂದಿಟ್ಟುಕೊಳ್ಳುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅಪರಾಧ. ಆದುದರಿಂದ ಈ ಲೇಖನ ಹೊಸದಾಗಿ ಆಮೆಯನ್ನು ತರುವವರಿಗಾಗಿ ಅಲ್ಲ. ಈಗಾಗಲೇ ವಿದೇಶದ ಆಮೆಯೊಂದು ಮನೆಯಲ್ಲಿದ್ದು, ಅದರ ನೀರು ನಾರುತ್ತಿದೆಯೆಂಬ ಕಾರಣಕ್ಕೆ ಕೆರೆಯ ದಾರಿ ಹಿಡಿಯಲಿರುವವರಿಗಾಗಿ.

ಹುಡುಗನ ಸೋಸುಕ ಸೋತದ್ದೇಕೆ? ಪಾನಕವನ್ನು ಬಟ್ಟೆಯಲ್ಲಿ ಸೋಸಿದರೆ ಏಲಕ್ಕಿಯ ಸಿಪ್ಪೆ ಬಟ್ಟೆಯಲ್ಲಿ ನಿಲ್ಲುತ್ತದೆ, ಬೆಲ್ಲ ನಿಲ್ಲುವುದಿಲ್ಲ. ಆಮೆಯ ತೊಟ್ಟಿಯಲ್ಲಿಯೂ ಎರಡು ಬಗೆಯ ಕೊಳೆ ಇದೆ. ತಿಂದುಳಿದ ಮೇವು, ಮಲ, ಕಳಚಿದ ಚಿಪ್ಪಿನ ಹೊಟ್ಟು, ಇವು ಕಣ್ಣಿಗೆ ಕಾಣುವ ಕೊಳೆ. ಮರಳು ಇವನ್ನು ಹಿಡಿಯುತ್ತದೆ. ಕಾಣದಿರುವ ಕೊಳೆ ಅಮೋನಿಯಾ. ನೀರಾಮೆ ತಿಂದ ಸಸಾರಜನಕದಲ್ಲಿನ ಸಾರಜನಕ ಬಹುಪಾಲು ಅಮೋನಿಯಾ ಮತ್ತು ಯೂರಿಯಾಗಳ ರೂಪದಲ್ಲಿ ಹೊರಬರುತ್ತದೆ. ಯೂರಿಯಾ ಕೂಡ ನೀರಿನಲ್ಲಿ ಬೇಗನೆ ಅಮೋನಿಯಾ ಆಗುತ್ತದೆ. ಇದು ನೀರಿನಲ್ಲಿ ಬೆಲ್ಲದಂತೆಯೇ ಕರಗಿರುವುದರಿಂದ ಮರಳಿನ ಸಂದಿಯಲ್ಲಿ ನಿಲ್ಲದು. ಇದ್ದಿಲು ಬಣ್ಣವನ್ನೂ ಕೆಲವು ವಾಸನೆಗಳನ್ನೂ ಹೀರಿಕೊಳ್ಳುವುದೇ ಹೊರತು ಅಮೋನಿಯಾವನ್ನು ಹಿಡಿಯುವುದು ತೀರ ಕಡಿಮೆ.

ಎಷ್ಟು ಅಮೋನಿಯಾ? ಲೆಕ್ಕ ಹಾಕೋಣ. ದಿನಕ್ಕೆ 5 ಗ್ರಾಂ ಒಣಮೇವು ತಿನ್ನುವ ಆಮೆಯಿದೆಯೆನ್ನೋಣ. ಮೇವಿನಲ್ಲಿ ನೂರಕ್ಕೆ 40 ಪಾಲು ಸಸಾರಜನಕವಿದ್ದರೆ ಅದು 2 ಗ್ರಾಂ. ಸಸಾರಜನಕದ ನೂರಕ್ಕೆ 16 ಪಾಲು ಸಾರಜನಕವಾದುದರಿಂದ 0.32 ಗ್ರಾಂ ಸಾರಜನಕ ಹೊಟ್ಟೆಗೆ ಹೋಯಿತು. ಮೈ ಬೆಳೆಯಲು ಉಳಿದದ್ದನ್ನೂ ನಾವು ಎತ್ತಿ ಹಾಕುವ ಮಲದೊಡನೆ ಹೋದದ್ದನ್ನೂ ಕಳೆದು, ಕಾಲು ಗ್ರಾಂ ನೀರಿಗೆ ಸೇರಿತೆಂದು ಹಿಡಿಯೋಣ. ನೂರು ಲೀಟರಿನಲ್ಲಿ ಕಾಲು ಗ್ರಾಂ ಎಂದರೆ ಲೀಟರಿಗೆ 2.5 ಮಿಲಿಗ್ರಾಂ. ಇದು ಒಂದು ದಿನದ ಪಾಲು; ನಾಲ್ಕು ದಿನಕ್ಕೆ 10 ಮಿಲಿಗ್ರಾಂ. ಮೀನುಗಳ ತೊಟ್ಟಿಯಾಗಿದ್ದರೆ ಮೀನು ಇದಕ್ಕೆ ಬಹಳ ಮುಂಚೆಯೇ ಸತ್ತಿರುತ್ತಿತ್ತು. ಆಮೆ ಶ್ವಾಸಕೋಶದಿಂದ ಉಸಿರಾಡುವ ಪ್ರಾಣಿಯಾದುದರಿಂದ ಸಾಯದೆ ಉಳಿಯುತ್ತದೆ. ಅದಕ್ಕೆ ನೀರು ಹೇಗಿದ್ದರೂ ನಡೆಯುತ್ತದೆಂಬ ತಪ್ಪು ತಿಳಿವಳಿಕೆ ಹುಟ್ಟಿರುವುದು ಇದರಿಂದಲೇ. ಆದರೆ ಹಗಲಿರುಳು ಆ ನೀರಿನಲ್ಲಿಯೇ ತೆರೆದಿರುವ ಕಣ್ಣು ಉರಿಯುತ್ತದೆ, ಚರ್ಮ ಹುಣ್ಣಾಗುತ್ತದೆ, ಚಿಪ್ಪಿಗೆ ರೋಗ ಹತ್ತುತ್ತದೆ. (ಕಣ್ಣು ಊದುವುದಕ್ಕೆ ಮೇವಿನಲ್ಲಿ ಎ ಜೀವಸತ್ವದ ಕೊರತೆಯೂ ಕಾರಣವಾಗಬಹುದು. ಆದಕಾರಣ ನಾವು ಹುಡುಗನನ್ನು ಮೊದಲು ಪಶುವೈದ್ಯರ ಬಳಿಗೆ ಕಳುಹಿಸಿದೆವು.)

ಅಮೋನಿಯಾದ ವಿಷ ನೀರಿನ ಗುಣವನ್ನು ಅನುಸರಿಸಿ ಏರುತ್ತದೆ, ಇಳಿಯುತ್ತದೆ. ನೀರಿನಲ್ಲಿ ಅದು ಎರಡು ವೇಷದಲ್ಲಿರುತ್ತದೆ: ಅಷ್ಟಾಗಿ ಕೆಡುಕು ಮಾಡದ ಅಮೋನಿಯಂ ಅಯಾನು ಒಂದು, ಜೀವಕೋಶದೊಳಕ್ಕೆ ಸುಲಭವಾಗಿ ನುಗ್ಗುವ ಬಿಡಿ ಅಮೋನಿಯಾ ಇನ್ನೊಂದು. 25 ಡಿಗ್ರಿ ಸೆಂಟಿಗ್ರೇಡಿನಲ್ಲಿ ನೀರಿನ ಪಿಎಚ್ 7 ಇದ್ದರೆ ನೂರಕ್ಕೆ ಅರ್ಧ ಪಾಲಿಗಿಂತ ತುಸು ಹೆಚ್ಚು ಮಾತ್ರ ಬಿಡಿ ಅಮೋನಿಯಾ. ಪಿಎಚ್ 8 ಆದರೆ ನೂರಕ್ಕೆ ಸುಮಾರು 5. ಪಿಎಚ್ 9 ಆದರೆ ನೂರಕ್ಕೆ ಸುಮಾರು 36. ನೀರಿಗೆ ಎಲೆಯಡಿಕೆಯ ಸುಣ್ಣವನ್ನು ಕದಡಿದರೆ ಶುದ್ಧವಾಗುತ್ತದೆಂದು ಹುಡುಗನಿಗೆ ಯಾರೋ ಹೇಳಿದ್ದರು. ಪುಣ್ಯಕ್ಕೆ ಅವನು ಮಾಡಿರಲಿಲ್ಲ. ಸುಣ್ಣ ಪಿಎಚ್ಚನ್ನು ಒಮ್ಮೆಲೇ ಏರಿಸಿ, ಸುಮ್ಮನಿದ್ದ ಅಮೋನಿಯಂ ಅಯಾನನ್ನೆಲ್ಲ ವಿಷವಾಗಿ ಮಾರ್ಪಡಿಸುತ್ತಿತ್ತು.

ಕರಗಿದ ಅಮೋನಿಯಾವನ್ನು ಕೆರೆ ಹೇಗೆ ತೊಡೆದುಹಾಕುತ್ತದೆ? ಇದರ ಗುಟ್ಟು ಹೊರಬಿದ್ದದ್ದು 1877ರಲ್ಲಿ, ಫ್ರಾನ್ಸಿನಲ್ಲಿ. ಶ್ಲೋಸಿಂಗ್ ಮತ್ತು ಮ್ಯೂಂಟ್ಸ್ ಎಂಬ ಇಬ್ಬರು ರಸಾಯನಶಾಸ್ತ್ರಜ್ಞರು ಉದ್ದನೆಯ ಕೊಳವೆಯೊಂದರಲ್ಲಿ ಮರಳನ್ನೂ ಸುಣ್ಣಕಲ್ಲಿನ ಪುಡಿಯನ್ನೂ ತುಂಬಿ, ಮೇಲಿನಿಂದ ಚರಂಡಿಯ ನೀರನ್ನು ಹನಿಹನಿಯಾಗಿ ಬಿಟ್ಟರು. ಸುಮಾರು ಇಪ್ಪತ್ತು ದಿನ ಏನೂ ಆಗಲಿಲ್ಲ. ಸುರಿದ ಅಮೋನಿಯಾ ಸುರಿದಂತೆಯೇ ಕೆಳಗೆ ಇಳಿಯಿತು. ಅನಂತರ ಅದು ಕಡಿಮೆಯಾಗುತ್ತ ಬಂದು, ಅದರ ಬದಲು ನೈಟ್ರೇಟು ಇಳಿಯತೊಡಗಿತು. ಇದು ಕೇವಲ ಮರಳಿನ ರಾಸಾಯನಿಕ ಗುಣವಾಗಿದ್ದರೆ ಮೊದಲನೆಯ ದಿನವೇ ಆಗಬೇಕಾಗಿತ್ತು. ಸಂಶಯ ಬಂದ ಅವರು ಕೊಳವೆಯೊಳಕ್ಕೆ ಕ್ಲೋರೋಫಾರಂ ಆವಿಯನ್ನು ಹಾಯಿಸಿದರು. ನೈಟ್ರೇಟು ನಿಂತುಹೋಯಿತು. ಒಂದಿಷ್ಟು ಮಣ್ಣನ್ನು ತೊಳೆದ ನೀರನ್ನು ಅದರ ಮೇಲೆ ಹೊಯ್ದರು. ಕೆಲವು ದಿನಗಳಲ್ಲಿ ಕೆಲಸ ಮತ್ತೆ ಮೊದಲಾಯಿತು. ಕೊಳವೆಯೊಳಗೆ ಕೆಲಸ ಮಾಡುತ್ತಿದ್ದದ್ದು ಮರಳಲ್ಲ, ಮರಳಿನ ಮೇಲೆ ಮನೆ ಮಾಡಿಕೊಂಡಿದ್ದ ಜೀವಿಗಳು. 1890ರಲ್ಲಿ ವಿನೊಗ್ರಾಡ್‌ಸ್ಕಿ ಎಂಬ ರಷ್ಯದ ವಿಜ್ಞಾನಿ ಆ ಸೂಕ್ಷ್ಮಜೀವಿಗಳನ್ನು ಬೇರ್ಪಡಿಸಿ ತೋರಿಸಿದನು. ಒಂದು ಪಂಗಡ ಅಮೋನಿಯಾವನ್ನು ನೈಟ್ರೈಟು ಮಾಡುತ್ತದೆ. ಮತ್ತೊಂದು ಪಂಗಡ ಆ ನೈಟ್ರೈಟನ್ನು ನೈಟ್ರೇಟು ಮಾಡುತ್ತದೆ. ಎರಡು ಕೆಲಸವನ್ನೂ ಒಬ್ಬನೇ ಮಾಡಬಲ್ಲ ನೈಟ್ರೋಸ್ಪೈರ ಕುಲದ ಜೀವಿಗಳು ಉಂಟೆಂಬುದು ತಿಳಿದದ್ದು ಇತ್ತೀಚೆಗೆ, 2015ರಲ್ಲಿ.

ಕೆರೆಯ ಕೆಸರು, ಕಲ್ಲು, ಜೊಂಡಿನ ಬೇರು, ಎಲ್ಲವೂ ಇವುಗಳ ಬೀಡು. ತೊಟ್ಟಿ ಎಂದರೆ ತಳವನ್ನು ಕಿತ್ತುಹಾಕಿದ ಕೆರೆ. ನಾವು ಕಟ್ಟಬೇಕಾದ ಸೋಸುಕ ಜರಡಿಯಲ್ಲ. ಕಿತ್ತುಹಾಕಿದ ಆ ತಳ.

ಇಷ್ಟು ತಿಳಿದ ಮೇಲೆ ನಾವು ಹುಡುಗನನ್ನು ಕೇಳಿದೆವು: "ಮರಳನ್ನು ಎಷ್ಟು ದಿನಕ್ಕೊಮ್ಮೆ ತೊಳೆಯುತ್ತಿದ್ದೆ?" ಪ್ರತಿ ಭಾನುವಾರವೂ ನಲ್ಲಿಯ ನೀರಿನಲ್ಲಿ ಚೆನ್ನಾಗಿ ಉಜ್ಜಿ, ಕುದಿಯುವ ನೀರು ಹೊಯ್ದು, ಮಾಳಿಗೆಯ ಮೇಲೆ ಬಿಸಿಲಿಗೆ ಹರಡುತ್ತಿದ್ದನಂತೆ. ಕ್ಲೋರೋಫಾರಂ ಒಂದು ಬಿಟ್ಟು ಮಿಕ್ಕೆಲ್ಲವನ್ನೂ ಮಾಡಿದ್ದನು! ಅವನ ಮಡಕೆಗಳಲ್ಲಿ ಜೀವ ನೆಲೆಸಲು ವಾರಕ್ಕಿಂತ ಹೆಚ್ಚು ಅವಕಾಶ ಸಿಕ್ಕಿರಲೇ ಇಲ್ಲ. ಮರಳಿನ ಸೋಸುಕಕ್ಕೂ ಜೀವವೇ ಆಧಾರ. 1892ರಲ್ಲಿ ಜರ್ಮನಿಯ ಹ್ಯಾಂಬರ್ಗ್ ನಗರ ಎಲ್ಬೆ ನದಿಯ ನೀರನ್ನು ಸೋಸದೆ ಕುಡಿದು ಕಾಲರಾದಿಂದ ಎಂಟು ಸಾವಿರಕ್ಕೂ ಹೆಚ್ಚು ಜನರನ್ನು ಕಳೆದುಕೊಂಡಿತು. ಪಕ್ಕದ ಆಲ್ಟೋನಾ ಊರು ಹ್ಯಾಂಬರ್ಗಿನ ಹೊಲಸು ಸೇರಿದ ಅದೇ ನದಿಯ ನೀರನ್ನು ಮರಳಿನ ಹಾಸಿನಲ್ಲಿ ನಿಧಾನವಾಗಿ ಇಳಿಸಿ ಕುಡಿದು ಬಹುಮಟ್ಟಿಗೆ ಪಾರಾಯಿತು. ಆ ಹಾಸಿನ ಮೇಲ್ಗಡೆ ಕಟ್ಟಿಕೊಳ್ಳುವ ಲೋಳೆಯ ಪೊರೆಯೇ ಅಲ್ಲಿನ ಕಾವಲುಗಾರ.

ಹಾಗಾದರೆ ಸೂಕ್ಷ್ಮಜೀವಿಗಳಿಗೆ ಬೇಕಾದದ್ದು ಏನು? ನೆಲೆ, ಮೇವು, ಗಾಳಿ. ಮೇವಿಗೆ ಕೊರತೆಯಿಲ್ಲ. ನೆಲೆಯೆಂದರೆ ಮೇಲ್ಮೈ. 10 ಸೆಂಟಿಮೀಟರು ಪಕ್ಕದ ಇಟ್ಟಿಗೆಯ ಗಟ್ಟಿಗೆ 600 ಚದರ ಸೆಂಟಿಮೀಟರು ಮೇಲ್ಮೈ. ಅದನ್ನೇ 1 ಸೆಂಟಿಮೀಟರಿನ ಚೂರುಗಳಾಗಿ ಕತ್ತರಿಸಿದರೆ 6,000 ಚದರ ಸೆಂಟಿಮೀಟರು. ಹೆಚ್ಚು ಕಷ್ಟದ್ದು ಗಾಳಿ. ಒಂದು ಗ್ರಾಂ ಅಮೋನಿಯಾ-ಸಾರಜನಕವನ್ನು ನೈಟ್ರೇಟು ಮಾಡಲು ಸುಮಾರು 4.6 ಗ್ರಾಂ ಆಮ್ಲಜನಕ ಬೇಕು. ನಮ್ಮ ಕಾಲು ಗ್ರಾಮಿಗೆ ದಿನಕ್ಕೆ 1.1 ಗ್ರಾಮಿಗಿಂತ ಹೆಚ್ಚು. ಸಮುದ್ರಮಟ್ಟಕ್ಕಿಂತ ಏಳುನೂರು ಮೀಟರಿಗೂ ಎತ್ತರದಲ್ಲಿರುವ ಈ ಸೀಮೆಯಲ್ಲಿ 25 ಡಿಗ್ರಿಯ ನೀರು ಲೀಟರಿಗೆ ಹೆಚ್ಚೆಂದರೆ 7.5 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಟ್ಟುಕೊಂಡೀತು. ನೂರು ಲೀಟರಿನಲ್ಲಿ ಮುಕ್ಕಾಲು ಗ್ರಾಂ. ತೊಟ್ಟಿಯಲ್ಲಿರುವ ಆಮ್ಲಜನಕವನ್ನೆಲ್ಲ ಕೊಟ್ಟರೂ ಒಂದು ದಿನದ ಕೆಲಸಕ್ಕೆ ಸಾಲದು. ಗಾಳಿಯಿಂದ ಎಡೆಬಿಡದೆ ತುಂಬಿಕೊಳ್ಳುತ್ತಲೇ ಇರಬೇಕು.

ಅಂಗಡಿಯಲ್ಲಿ ಸಿಗುವ ಮುಚ್ಚಿದ ಡಬ್ಬಿಯ ಸೋಸುಕಗಳು ಒಳ್ಳೆಯವೇ. ಆದರೆ ವಿದ್ಯುತ್ತು ಹೋದರೆ ಅವುಗಳ ಒಳಗಿನ ನೀರು ನಿಂತು, ಕೆಲವೇ ಗಂಟೆಗಳಲ್ಲಿ ಅಲ್ಲಿನ ಆಮ್ಲಜನಕ ಮುಗಿದು, ನಮ್ಮ ಕೆಲಸಗಾರರು ಉಸಿರುಗಟ್ಟುತ್ತಾರೆ. ಮತ್ತೆ ವಿದ್ಯುತ್ತು ಬಂದಾಗ ಕೊಳೆತ ನೀರು ತೊಟ್ಟಿಗೆ ಇಳಿಯುತ್ತದೆ. ಬೇಸಗೆಯಲ್ಲಿ ವಿದ್ಯುತ್ತು ಎಷ್ಟು ಹೊತ್ತು ಇರುತ್ತದೆಂಬುದನ್ನು ಈ ಕಡೆಯ ಓದುಗರಿಗೆ ನಾವು ಹೇಳಬೇಕಾಗಿಲ್ಲ. ಆದುದರಿಂದ ನಾವು ಆರಿಸಿಕೊಂಡದ್ದು ತೆರೆದ, ತೊಟ್ಟಿಕ್ಕುವ ಸೋಸುಕ. ಪಂಪು ನಿಂತರೂ ಅದರ ಚೂರುಗಳು ಒದ್ದೆಯಾಗಿಯೇ ಇದ್ದು ಸುತ್ತಲ ಗಾಳಿಯಿಂದ ಉಸಿರಾಡುತ್ತಿರುತ್ತವೆ.

ಕಟ್ಟುವ ಬಗೆ ಹೀಗೆ. 15 ಲೀಟರಿನ ಪ್ಲಾಸ್ಟಿಕ್ ಬಕೆಟ್ಟೊಂದರ ತಳದಲ್ಲಿಯೂ ಬದಿಗಳ ಕೆಳಭಾಗದಲ್ಲಿಯೂ ಕಾಯಿಸಿದ ಮೊಳೆಯಿಂದ ತೂತುಗಳನ್ನು ಮಾಡಿ, ತೊಟ್ಟಿಯ ಮೇಲೆ ಎರಡು ಗಟ್ಟಿ ಪಟ್ಟಿಗಳ ಆಧಾರದಲ್ಲಿ ಕೂರಿಸಬೇಕು. ಒಳಗೆ ಮುಕ್ಕಾಲು ಭಾಗ ಹಳೆಯ ಹೆಂಚಿನ ಅಥವಾ ಚೆನ್ನಾಗಿ ಬೆಂದ ಇಟ್ಟಿಗೆಯ ಚೂರುಗಳನ್ನು, ಧೂಳು ಹೋಗುವಂತೆ ಒಮ್ಮೆ ತೊಳೆದು, ತುಂಬಬೇಕು. ಚೂರು ಹೆಬ್ಬೆರಳಿನ ತುದಿಯಷ್ಟಿರಲಿ. ತೀರ ಸಣ್ಣದಾದರೆ ಸಂದು ಕಟ್ಟಿ ಗಾಳಿ ಆಡುವುದಿಲ್ಲ. ತೆಂಗಿನ ನಾರು ಕಡೂರಿನಲ್ಲಿ ಹೇರಳವೆಂದು ಅದನ್ನು ತುಂಬುವ ಆಸೆಯಾದೀತು. ಅದು ನೀರಿಗೆ ಕಂದು ಬಣ್ಣ ಬಿಟ್ಟು, ಕೊಳೆತು, ಕಸವನ್ನು ಹೆಚ್ಚಿಸುತ್ತದೆ. ಚೂರುಗಳ ಮೇಲೆ ಎರಡು ಬೆರಳು ದಪ್ಪದ ಸ್ಪಂಜು. ಕಾಣುವ ಕೊಳೆಯನ್ನು ಹಿಡಿಯುವ ಕೆಲಸ ಅದರದು. ತೊಟ್ಟಿಯ ತಳದಲ್ಲಿ, ಆಮೆ ಕಚ್ಚದಂತೆ ತೂತುಗಳುಳ್ಳ ಡಬ್ಬಿಯೊಳಗೆ, ನೀರಿನಲ್ಲಿ ಮುಳುಗುವ ಸಣ್ಣ ಪಂಪು. ಗಾಳಿ ತಂಪು ಮಾಡುವ ಕೂಲರಿನ ಪಂಪು ಸಾಕು. ಅದರ ಕೊಳವೆ ನೀರನ್ನು ಸ್ಪಂಜಿನ ಮೇಲೆ ಹರಡಿ ಸುರಿಯಬೇಕು.

ಪಂಪಿನ ಮೇಲೆ ಬರೆದ ಅಂಕಿಯನ್ನು ನಂಬಬಾರದು. ನೀರನ್ನು ಎತ್ತರಕ್ಕೆ ಏರಿಸಿದಷ್ಟೂ ಹರಿವು ಇಳಿಯುತ್ತದೆ. ಹತ್ತು ಲೀಟರಿನ ಪಾತ್ರೆ ಎಷ್ಟು ಹೊತ್ತಿನಲ್ಲಿ ತುಂಬುವುದೆಂದು ಗಡಿಯಾರ ಹಿಡಿದು ನೋಡಬೇಕು. ಒಂದೂವರೆ ನಿಮಿಷದಲ್ಲಿ ತುಂಬಿದರೆ ಗಂಟೆಗೆ 400 ಲೀಟರು. ನಮ್ಮ ತೊಟ್ಟಿಯ ನೀರೆಲ್ಲ ಗಂಟೆಗೆ ನಾಲ್ಕು ಸಲ ಸೋಸಿದಂತಾಯಿತು. ಪಂಪು ನಿಂತಾಗ ಬಕೆಟ್ಟಿನ ನೀರು ಕೆಳಗಿಳಿಯುವುದರಿಂದ ತೊಟ್ಟಿಯನ್ನು ಕಂಠಮಟ್ಟ ತುಂಬಿಸಬಾರದು. ವಿದ್ಯುತ್ತಿನ ತಂತಿ ತೊಟ್ಟಿಯಿಂದ ಕೆಳಗಿಳಿದು ಮತ್ತೆ ಮೇಲೇರಿ ಗೋಡೆಯ ಸಾಕೆಟ್ಟನ್ನು ಸೇರುವಂತಿರಬೇಕು. ಆಗ ತಂತಿಯ ಗುಂಟ ಹರಿದ ಹನಿ ಸಾಕೆಟ್ಟಿಗೆ ತಲುಪದು. ಪ್ಲಗ್ಗನ್ನು ಕೀಳದೆ ನೀರಿಗೆ ಕೈ ಹಾಕಲೇಬಾರದು. ಸೋರಿಕೆ ಕಂಡೊಡನೆ ವಿದ್ಯುತ್ತನ್ನು ಕಡಿಯುವ ಸ್ವಿಚ್ಚು ಮನೆಯಲ್ಲಿದೆಯೇ ಎಂದು ಹಿರಿಯರನ್ನು ಕೇಳಿ ತಿಳಿಯಬೇಕು.

ಕಟ್ಟಿದ ದಿನವೇ ಸೋಸುಕ ಕೆಲಸ ಮಾಡುವುದಿಲ್ಲ. ಫ್ರಾನ್ಸಿನ ಕೊಳವೆಗೆ ಇಪ್ಪತ್ತು ದಿನ ಬೇಕಾಯಿತು. ತೊಟ್ಟಿಗೆ ನಾಲ್ಕರಿಂದ ಆರು ವಾರ ಹಿಡಿಯುವುದುಂಟು, ಚಳಿಗಾಲದಲ್ಲಿ ಇನ್ನೂ ಹೆಚ್ಚು. ಮೊದಲು ಅಮೋನಿಯಾ ಏರುತ್ತದೆ. ಅದು ಇಳಿಯುವ ಹೊತ್ತಿಗೆ ನೈಟ್ರೈಟು ಏರುತ್ತದೆ. ಇದೂ ವಿಷವೇ. ಅದೂ ಇಳಿದು ನೈಟ್ರೇಟು ಮಾತ್ರ ಉಳಿದಾಗ ಸೋಸುಕ ಪಕ್ವವಾಯಿತೆಂದು ಅರ್ಥ. ಅಲ್ಲಿಯವರೆಗೆ ಆಮೆಗೆ ಅರೆಹೊಟ್ಟೆ ಮೇವು ಕೊಟ್ಟು, ಎರಡು ದಿನಕ್ಕೊಮ್ಮೆ ಒಂದಿಷ್ಟು ನೀರು ಬದಲಿಸುತ್ತ ಕಾಯಬೇಕು. ಬಹಳ ದಿನದಿಂದ ನಡೆಯುತ್ತಿರುವ ಮೀನಿನ ತೊಟ್ಟಿ ಗೆಳೆಯರ ಮನೆಯಲ್ಲಿದ್ದರೆ ಅದರ ಸೋಸುಕದ ಸ್ಪಂಜನ್ನು ನಮ್ಮ ಇಟ್ಟಿಗೆ ಚೂರಿನ ಮೇಲೆ ಹಿಂಡಿದರೆ, ಹಾಲಿಗೆ ಹೆಪ್ಪು ಹಾಕಿದಂತೆ, ಕಾಯುವ ದಿನ ಕಡಿಮೆಯಾಗುತ್ತದೆ. ಅಮೋನಿಯಾ, ನೈಟ್ರೈಟು, ನೈಟ್ರೇಟುಗಳನ್ನು ಅಳೆಯುವ ಬಣ್ಣದ ಪರೀಕ್ಷಾ ದ್ರಾವಣಗಳು ಮೀನಿನ ಅಂಗಡಿಯಲ್ಲಿ ದೊರೆಯುತ್ತವೆ. ಕಾಲೇಜಿನ ಪ್ರಯೋಗಶಾಲೆಯಲ್ಲಿ ನೆಸ್ಲರನ ದ್ರಾವಣವಿದ್ದರೆ ಅಮೋನಿಯಾವನ್ನು ಅಲ್ಲಿಯೇ ನೋಡಬಹುದು. ಅದರಲ್ಲಿ ಪಾದರಸ ಇರುವುದರಿಂದ ಅಧ್ಯಾಪಕರ ಸಮ್ಮುಖದಲ್ಲಿ ಮಾತ್ರ. ದಿನವೂ ಅಳೆದು ನಕ್ಷೆ ಬರೆದರೆ ಒಂದರ ಹಿಂದೊಂದು ಏಳುವ ಮೂರು ಅಲೆಗಳು ಕಾಣುತ್ತವೆ. ವಿಜ್ಞಾನದ ವಸ್ತುಪ್ರದರ್ಶನಕ್ಕೆ ಜ್ವಾಲಾಮುಖಿಯ ಮಾದರಿಗಿಂತ ಇದು ಎಷ್ಟೋ ಮೇಲೆಂದು ನಮ್ಮ ಅಭಿಪ್ರಾಯ.

ನೀರು ಎಲ್ಲಿಯದೆಂಬುದೂ ಮುಖ್ಯ. ಪುರಸಭೆಯ ನಲ್ಲಿಯ ನೀರಿನಲ್ಲಿ ಕ್ಲೋರಿನ್ ಇದ್ದರೆ ಅದು ಸೂಕ್ಷ್ಮಜೀವಿಗಳನ್ನು ಕೊಲ್ಲುತ್ತದೆ. ಅಗಲ ಬಾಯಿಯ ಪಾತ್ರೆಯಲ್ಲಿ ಒಂದು ದಿನ ಬಿಸಿಲಿಗಿಟ್ಟು ಬಳಸಬೇಕು. ಮತ್ತೊಂದು ಸಂಗತಿ: ಅಮೋನಿಯಾ ನೈಟ್ರೇಟಾಗುವಾಗ ಆಮ್ಲ ಹುಟ್ಟುತ್ತದೆ. ಒಂದು ಗ್ರಾಂ ಸಾರಜನಕಕ್ಕೆ ಸುಣ್ಣಕಲ್ಲಿನ ಲೆಕ್ಕದಲ್ಲಿ ಸುಮಾರು 7 ಗ್ರಾಂ ಕ್ಷಾರ ಕರಗಿಹೋಗುತ್ತದೆ. ನಮ್ಮ ಕಾಲು ಗ್ರಾಮಿಗೆ ದಿನಕ್ಕೆ ಸುಮಾರು 1.8 ಗ್ರಾಂ. ಬಯಲುಸೀಮೆಯ ಕೊಳವೆಬಾವಿಯ ಗಡಸುನೀರಿನಲ್ಲಿ ಲೀಟರಿಗೆ 300 ಮಿಲಿಗ್ರಾಂ ಕ್ಷಾರವಿದೆಯೆಂದುಕೊಂಡರೆ ನೂರು ಲೀಟರಿನಲ್ಲಿ 30 ಗ್ರಾಂ. ಹದಿನಾರು ದಿನ ಬರುತ್ತದೆ. ಮಳೆಯ ನೀರನ್ನೋ ಮಲೆನಾಡಿನ ಹೊಳೆಯ ಮೆದುನೀರನ್ನೋ ತುಂಬಿ ಅದರಲ್ಲಿ 50 ಮಿಲಿಗ್ರಾಂ ಮಾತ್ರ ಇದ್ದರೆ ಮೂರು ದಿನವೂ ಬಾರದು. ಪಿಎಚ್ ಕುಸಿದು ಸೂಕ್ಷ್ಮಜೀವಿಗಳು ಕೆಲಸ ನಿಲ್ಲಿಸುತ್ತವೆ. ಬೇಳೆ ಬೇಯದ, ಸಾಬೂನು ನೊರೆಯಾಗದ ಗಡಸುನೀರಿನ ಮೇಲೆ ನಮ್ಮ ಹೆಂಗಸರ ದೂರು ಬಹಳ ಹಳೆಯದು. ಇಲ್ಲಿ ಅದೇ ನೀರು ಉಪಕಾರಿ. ಮೆದುನೀರಿನವರು ಬಕೆಟ್ಟಿನಲ್ಲಿ ಒಂದು ಹಿಡಿ ಸುಣ್ಣಕಲ್ಲಿನ ಚೂರನ್ನೋ ತೊಳೆದು ಒಣಗಿಸಿದ ಮೊಟ್ಟೆಯ ಚಿಪ್ಪನ್ನೋ ಸೇರಿಸಬೇಕು. ಸುಟ್ಟ ಸುಣ್ಣವನ್ನಲ್ಲ, ಅದರ ಮಾತನ್ನು ಮೇಲೆ ಹೇಳಿದ್ದೇವೆ.

ನೈಟ್ರೇಟು ಅಷ್ಟೇನೂ ವಿಷವಲ್ಲ. ಆದರೆ ಅದು ಹೋಗಲು ದಾರಿಯಿಲ್ಲ. ಕೆರೆಯಲ್ಲಿ ಜೊಂಡು ಅದನ್ನು ಹೀರುತ್ತದೆ. ಗಾಳಿಯಾಡದ ಕೆಸರಿನ ಬೇರೊಂದು ಬಗೆಯ ಜೀವಿಗಳು ಅದನ್ನು ಸಾರಜನಕದ ಅನಿಲವಾಗಿಸಿ ಆಕಾಶಕ್ಕೆ ಬಿಡುತ್ತವೆ. ನಮ್ಮ ತೊಟ್ಟಿಯಲ್ಲಿ ದಿನಕ್ಕೆ ಲೀಟರಿಗೆ 11 ಮಿಲಿಗ್ರಾಂ ನೈಟ್ರೇಟು ಕೂಡುತ್ತದೆ, ವಾರಕ್ಕೆ 77. ಪ್ರತಿ ವಾರವೂ ಅರ್ಧ ನೀರನ್ನು ಬದಲಿಸುತ್ತ ಹೋದರೆ ಅದು ಎಷ್ಟು ಏರಿದರೂ 154ನ್ನು ದಾಟುವುದಿಲ್ಲ. ಏಕೆಂಬುದನ್ನು ಗುಣೋತ್ತರ ಶ್ರೇಢಿಯನ್ನು ಓದಿರುವ ವಿದ್ಯಾರ್ಥಿಗಳು ತಾವೇ ಲೆಕ್ಕ ಮಾಡಿ ನೋಡಬಹುದು. ಹೀಗೆ ತೆಗೆದ ನೀರಿನಲ್ಲಿಯೇ ಸ್ಪಂಜನ್ನು ಹಿಂಡಿ ತೊಳೆಯಬೇಕು, ನಲ್ಲಿಯ ನೀರಿನಲ್ಲಿ ಅಲ್ಲ. ಇಟ್ಟಿಗೆಯ ಚೂರುಗಳನ್ನು ತಿಂಗಳುಗಟ್ಟಲೆ ಮುಟ್ಟದಿರುವುದೇ ಮೇಲು. ಮುಟ್ಟಲೇಬೇಕಾದರೆ ಒಂದು ಸಲಕ್ಕೆ ಅರ್ಧ ಮಾತ್ರ.

ಆಮೆಯ ಮೈಮೇಲೆ ಸಾಲ್ಮೊನೆಲ್ಲ ಎಂಬ ರೋಗಾಣು ಇರುವುದುಂಟು. ಮಕ್ಕಳಿಗೆ ಭೇದಿ ಹಿಡಿಯುವುದನ್ನು ಕಂಡು ಅಮೆರಿಕದ ಸರ್ಕಾರ 1975ರಲ್ಲಿ ನಾಲ್ಕು ಅಂಗುಲಕ್ಕಿಂತ ಚಿಕ್ಕ ಆಮೆಗಳ ಮಾರಾಟವನ್ನೇ ನಿಷೇಧಿಸಿತು. ನಮ್ಮ ಸೋಸುಕ ಈ ರೋಗಾಣುವನ್ನು ತೆಗೆಯುವುದಿಲ್ಲ. ನೀರು ಎಷ್ಟೇ ತಿಳಿಯಾಗಿರಲಿ, ತೊಟ್ಟಿಯ ಸಾಮಾನುಗಳನ್ನು ಅಡುಗೆಮನೆಯಲ್ಲಿ ತೊಳೆಯಬಾರದು. ಮುಟ್ಟಿದ ಮೇಲೆ ಸಾಬೂನಿನಿಂದ ಕೈ ತೊಳೆಯಬೇಕು. ಐದು ವರ್ಷದೊಳಗಿನ ಮಕ್ಕಳನ್ನು ದೂರವಿಡಬೇಕು.

ಅಜ್ಜಂಪುರದ ಹುಡುಗನು ಮಡಕೆಗಳನ್ನು ತಾಯಿಗೆ ಹಿಂತಿರುಗಿಸಿ ಬಕೆಟ್ಟನ್ನು ಹೂಡಿದನು. ಪಶುವೈದ್ಯರ ಮದ್ದಿನಿಂದಲೂ ಬದಲಾದ ಮೇವಿನಿಂದಲೂ ಆಮೆಯ ಕಣ್ಣು ತೆರೆಯಿತು. ತೊಟ್ಟಿಯಲ್ಲಿ ಅದು ಹತ್ತಿ ಬಿಸಿಲು ಕಾಯಲು ಒಂದು ಕಲ್ಲನ್ನೂ ಇಟ್ಟಿದ್ದಾನೆ. ಆರನೆಯ ವಾರ ಅವನು ತಂದು ತೋರಿಸಿದ ನಕ್ಷೆಯಲ್ಲಿ ಎರಡನೆಯ ಅಲೆ ನೆಲ ಮುಟ್ಟಿತ್ತು. ವಾರಕ್ಕೊಮ್ಮೆ ತೆಗೆಯುವ ಐವತ್ತು ಲೀಟರು ನೀರು ಹಿತ್ತಿಲ ತೆಂಗಿನ ಬುಡಕ್ಕೆ ಹೋಗುತ್ತಿದೆ. ಈ ಜಾತಿಯ ಹೆಣ್ಣು ಆಮೆಯ ಚಿಪ್ಪು 25 ಸೆಂಟಿಮೀಟರನ್ನು ದಾಟಬಲ್ಲುದು, ಮೂವತ್ತು ವರ್ಷ ಬದುಕಬಲ್ಲುದು. ಚಿಪ್ಪಿನ ಪ್ರತಿ ಸೆಂಟಿಮೀಟರಿಗೆ 15 ಲೀಟರು ನೀರೆಂಬುದು ಸಾಕುವವರಲ್ಲಿ ರೂಢಿಯ ಲೆಕ್ಕ. ಹದಿನೈದನ್ನು ಇಪ್ಪತ್ತೈದರಿಂದ ಗುಣಿಸಿ ನೋಡಿದ ಅವನು ಈಗ ಹಿತ್ತಿಲಲ್ಲಿ ಸಿಮೆಂಟಿನ ತೊಟ್ಟಿ ಕಟ್ಟಿಸಲು ತಂದೆಯವರನ್ನು ಒಪ್ಪಿಸುತ್ತಿದ್ದಾನೆ.